ಹಳೆಯ ಕೇಸು, ಹೊಸ ನೌಕರಿ

ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದ ಹುಡುಗರಿಗೆ ಪೊಲೀಸ್, ಸೈನ್ಯ, ರೈಲ್ವೆ ನೌಕರಿಯೆಂದರೆ ಮನೆಮಂದಿಯದೆಲ್ಲ ಕನಸು. ಓಟ, ಬರಹದ ಪರೀಕ್ಷೆ ಎಲ್ಲ ದಾಟಿದ ಮೇಲೂ ಒಂದು ಹೊಸ್ತಿಲು ಉಳಿದಿರುತ್ತದೆ: ಠಾಣೆಯಿಂದ ಬರುವ ನಡತೆ ವರದಿ. ಕಾಲುವೆಯ ಕೊನೆಯ ಹೊಲಕ್ಕೆ ನೀರು ಬಿಡಿರೆಂದು ರಸ್ತೆಯಲ್ಲಿ ಕುಳಿತಾಗಲೋ, ಜಾತ್ರೆಯ ತಳ್ಳಾಟದಲ್ಲೋ ಮೈಮೇಲೆ ಬಿದ್ದ ಕೇಸು ಆಗ ಎದ್ದು ಕೂರುತ್ತದೆ. ಕೋರ್ಟು ನಿರ್ದೋಷಿ ಎಂದಿದ್ದರೂ ತಾಯಿತಂದೆಗಳಿಗೆ ನಿದ್ದೆಯಿಲ್ಲ.

ಕಾನೂನು ಪೂರ್ತಿ ನಿರ್ದಯಿಯಲ್ಲ. ಹದಿನೆಂಟು ತುಂಬದವರ ತಪ್ಪು ಮುಂದಿನ ಬದುಕಿಗೆ ಅಡ್ಡಿಯಾಗಬಾರದು, ಮೇಲ್ಮನವಿಯ ಅವಧಿ ಮುಗಿದ ಮೇಲೆ ದಾಖಲೆ ನಾಶವಾಗಬೇಕು ಎನ್ನುತ್ತದೆ 2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಮು. ಹದಿನಾರು ದಾಟಿ, ಘೋರ ಅಪರಾಧಕ್ಕೆ ವಯಸ್ಕರಂತೆ ವಿಚಾರಣೆಗೊಳಗಾಗಿ ತಪ್ಪಿತಸ್ಥರೆನಿಸಿದವರಿಗೆ ಮಾತ್ರ ಈ ರಕ್ಷಣೆಯಿಲ್ಲ.

ಹದಿನೆಂಟು ದಾಟಿದವರಿಗೆ ಇಷ್ಟು ಸಲೀಸಿಲ್ಲ. ಬ್ರಿಟನ್ನಿನ 1974ರ ಕಾಯ್ದೆಯಲ್ಲಿ ಸಣ್ಣ ಶಿಕ್ಷೆಗಳು ನಿಗದಿತ ಕಾಲ ಕಳೆದರೆ ತೀರಿದಂತೆ. ಭಾರತದಲ್ಲಿ ಅಂಥ ಸಾಮಾನ್ಯ ಕಾಯ್ದೆಯಿಲ್ಲ. 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಕೇಸನ್ನು ನೇಮಕಾಧಿಕಾರಿ ಮನ್ನಿಸಬಹುದೆಂದಿತು. ಆದರೆ ಅರ್ಜಿಯಲ್ಲಿ ಕೇಳಿದ್ದಕ್ಕೆ ನಿಜವನ್ನೇ ಬರೆಯಬೇಕೆಂದೂ ಹೇಳಿತು. ಆದ್ದರಿಂದ ವಿದ್ಯಾರ್ಥಿಗಳು ಮುಚ್ಚಿಡುವುದು ಬೇಡ. ತೀರ್ಪಿನ ದೃಢೀಕೃತ ಪ್ರತಿ ಅಂಕಪಟ್ಟಿಯ ಜೊತೆಗೇ ಇರಲಿ.

ಠಾಣೆಯೂ ಬಂಧಿಸಿದ ದಿನವನ್ನಷ್ಟೇ ಬರೆದು ಕೈತೊಳೆದುಕೊಳ್ಳಬಾರದು. ಬಿಡುಗಡೆಯ ದಿನವನ್ನೂ ಬರೆಯಲಿ. ಧರ್ಮದಲ್ಲಿ ನಡೆದರೆ ಚಿಕ್ಕವನೂ ಮೇಲೇರಬಲ್ಲ ಎಂದು ಅಶೋಕ ಮಸ್ಕಿಯ ಬಂಡೆಯ ಮೇಲೆ ಬರೆಸಿದ. ಕಲ್ಲಿನ ದಾಖಲೆಯೇ ಇಷ್ಟು ಉದಾರವಾಗಿರುವಾಗ ಕಾಗದದ ದಾಖಲೆ ಏಕೆ ಕಲ್ಲಾಗಬೇಕು?