ಒಂದು ಹರಿಗೋಲಿನ ಮಾರಾಟ

ದೋಣಿಯ ವಿಚಾರವನ್ನು ಬರೆಯಹೊರಟವನು ಸೂರಗೊಂಡನಕೊಪ್ಪದಿಂದ ಆರಂಭಿಸಿದರೆ ವಾಚಕರಿಗೆ ವಿಚಿತ್ರವೆನಿಸಬಹುದು. ಅದು ಹೊಳೆಯ ದಡದ ಊರಲ್ಲ. ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿಗೆ ಸೇರಿದ ಈ ಗ್ರಾಮ ಬಂಜಾರರಿಗೆ ಪುಣ್ಯಕ್ಷೇತ್ರ. ಸಂತ ಸೇವಾಲಾಲರು 1739ರ ಫೆಬ್ರುವರಿ 15ರಂದು ಜನಿಸಿದ ನೆಲವೆಂದು ಅವರ ನಂಬಿಕೆ. ಪ್ರತಿವರ್ಷವೂ ಫೆಬ್ರುವರಿಯ ನಡುಭಾಗದಲ್ಲಿ ಕನ್ನಡನಾಡಿನ ತಾಂಡಗಳಿಂದಲ್ಲದೆ ಮಹಾರಾಷ್ಟ್ರ, ತೆಲಂಗಾಣ, ಆಂಧ್ರಗಳಿಂದಲೂ ಭಕ್ತರು ಮಾಲೆ ಧರಿಸಿ ಬರುತ್ತಾರೆ. ಅನೇಕರು ಕಾಲ್ನಡಿಗೆಯಲ್ಲಿಯೇ ಬರುತ್ತಾರೆ. ಕನ್ನಡಿ ಹೊಲಿದ ಲಂಗ ರವಿಕೆಗಳ ಮೇಲೆ ಬಿಸಿಲು ಬಿದ್ದು ಮಿರುಗುವಾಗ ಆ ಒಣ ನೆಲಕ್ಕೇ ಕಣ್ಣು ಬಂದಂತೆ ತೋರುತ್ತದೆ.

ಅಲ್ಲಿ ನಿಂತವನ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳದಿರಲಾರದು. ಈ ಜನರ ಪೂರ್ವಿಕರು ಶತಮಾನಗಳ ಕಾಲ ಹೇರೆತ್ತುಗಳ ಮೇಲೆ ಉಪ್ಪನ್ನೂ ಧಾನ್ಯವನ್ನೂ ಹೊರಿಸಿಕೊಂಡು ದಖ್ಖನದ ಉದ್ದಗಲವನ್ನು ಅಳೆದವರು. ರೈಲು ಬರುವ ಮುನ್ನ ಕರಾವಳಿಯ ಉಪ್ಪು ಒಳನಾಡಿನ ಅಡಿಗೆಮನೆಯನ್ನು ತಲಪುತ್ತಿದ್ದುದು ಬಹುಮಟ್ಟಿಗೆ ಇವರ ಎತ್ತುಗಳ ಬೆನ್ನಮೇಲೆಯೇ. ದಾರಿಯಲ್ಲಿ ತುಂಗಭದ್ರೆಯಂಥ ಹೊಳೆ ಅಡ್ಡ ಬಂದರೆ ಮಾಡುತ್ತಿದ್ದುದೇನು? ಎತ್ತು ಈಜುತ್ತದೆ, ಉಪ್ಪು ಈಜುವುದಿಲ್ಲ. ಗೋಣಿಗಳನ್ನು ಒದ್ದೆಯಾಗದಂತೆ ಆಚೆಯ ದಡ ಸೇರಿಸಲು ಯಾವುದೋ ಒಂದು ಸಾಧನ ಇರಲೇಬೇಕಷ್ಟೆ. ಆ ಸಾಧನ ಹರಿಗೋಲು. ಅದನ್ನು ನೋಡಲೆಂದೇ ನಾನು ಕೊಪ್ಪದಿಂದ ನ್ಯಾಮತಿಗೆ ಬಂದು, ಅಲ್ಲಿಂದ ಹೊನ್ನಾಳಿಯ ಬಸ್ಸು ಹತ್ತಿದೆ.

ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಒಂದಾದ ಬಳಿಕ ಹೊಳೆ ಉತ್ತರಾಭಿಮುಖವಾಗಿ ಹೊನ್ನಾಳಿಗೆ ಬರುತ್ತದೆ. ಮಳೆಗಾಲದಲ್ಲಿ ಕೆಂಪಾಗಿ ಉಕ್ಕಿ ಹರಿಯುವ ಈ ನದಿ ಫೆಬ್ರುವರಿಯ ವೇಳೆಗೆ ಬಂಡೆಗಳ ಬೆನ್ನು ತೋರಿಸುತ್ತ ಮಂದಗಾಮಿನಿಯಾಗಿರುತ್ತದೆ. ಹೊನ್ನಾಳಿಯಲ್ಲಿ ಸೇತುವೆಯಿದೆ, ಅದರ ಮೇಲೆ ಬಸ್ಸು ಲಾರಿಗಳ ಸದ್ದು ಎಡೆಬಿಡದೆ ಕೇಳುತ್ತದೆ. ಆದರೆ ದಡವನ್ನು ಹಿಡಿದು ಸ್ವಲ್ಪ ದೂರ ನಡೆದರೆ, ಮರದ ನೆರಳಿನಲ್ಲಿ ದೊಡ್ಡದೊಂದು ಆಮೆ ಮಲಗಿದಂತೆ ಬೋರಲು ಹಾಕಿದ ಹರಿಗೋಲು ಇಂದಿಗೂ ಕಣ್ಣಿಗೆ ಬೀಳುತ್ತದೆ.

ನಗರವಾಸಿಗಳಾದ ನಮಗೆ ದೋಣಿಯೆಂದರೆ ಮೂತಿ ಚೂಪಾದದ್ದು, ಹಾಯಿ ಕಟ್ಟಿದ್ದು. ಕ್ಯಾಲೆಂಡರಿನ ಚಿತ್ರಗಳು ನಮಗೆ ಕಲಿಸಿಕೊಟ್ಟದ್ದು ಅದನ್ನೇ. ಹರಿಗೋಲಿಗೆ ಮೂತಿಯೂ ಇಲ್ಲ, ಹಾಯಿಯೂ ಇಲ್ಲ. ತೊಗಲಿನಿಂದಲೋ ಡಾಂಬರಿನಿಂದಲೋ ನೀರು ಸೋರದಂತೆ ಮಾಡಿದ ದುಂಡನೆಯ ಬಿದಿರುಬುಟ್ಟಿ ಅದು. ಕಡಲದೋಣಿಗೆ ಅಡಿಯಲ್ಲಿ ಉದ್ದನೆಯ ಮರದ ಬೆನ್ನೆಲುಬಿರುವುದರಿಂದ ಗಾಳಿ ಪಕ್ಕದಿಂದ ಬೀಸಿದರೂ ಮುಂದಕ್ಕೇ ನುಗ್ಗುತ್ತದೆ. ಹರಿಗೋಲಿಗೆ ಅಂಥ ಬೆನ್ನೆಲುಬಿಲ್ಲವಾದ್ದರಿಂದ ಹಾಯಿ ಕಟ್ಟಿದರೆ ಬುಗುರಿಯಂತೆ ತಿರುಗೀತೇ ಹೊರತು ಮುಂದೆ ಹೋಗದು. ಗಾಳಿ ಇದಕ್ಕೆ ಮಿತ್ರನಲ್ಲ, ವೈರಿ. ಆದರೆ ಬಂಡೆಗಳ ಹೊಳೆಯಲ್ಲಿ ಆ ಬೆನ್ನೆಲುಬಿಲ್ಲದಿರುವುದೇ ವರ. ಗೇಣು ನೀರಿದ್ದರೂ ತೇಲುತ್ತದೆ. ಕಲ್ಲಿಗೆ ತಾಗಿದರೆ ಒಡೆಯದೆ ಬಳುಕುತ್ತದೆ.

ವಿಜಯನಗರಕ್ಕೆ 1520ರ ಸುಮಾರಿನಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಬಳಿ ಇದೇ ತುಂಗಭದ್ರೆಯನ್ನು ದಾಟಿಸುವ ಬುಟ್ಟಿದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು. ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ. ಅಗತ್ಯ ಬಿದ್ದರೆ ಕುದುರೆ ಎತ್ತುಗಳೂ ಏರುತ್ತವೆ. ಹೋಗುವಾಗ ಗಿರಗಿರನೆ ತಿರುಗುತ್ತಲೇ ಇರುತ್ತವೆ. ಮುಂದೆ ಚನ್ನಗಿರಿಯಲ್ಲಿ ಹುಟ್ಟಿದ ಧೋಂಡಿಯ ವಾಘ ಟಿಪ್ಪುವಿನ ಪತನಾನಂತರ ಇಂಗ್ಲಿಷರ ಮೇಲೆ ತಿರುಗಿಬಿದ್ದಾಗ, ಅವನ ಬೆನ್ನಟ್ಟಿದ ಆರ್ಥರ್ ವೆಲ್ಲೆಸ್ಲಿ 1800ರ ಜೂನ್ ತಿಂಗಳಲ್ಲಿ ಹರಿಹರದ ಬಳಿ ತುಂಗಭದ್ರೆಯನ್ನು ದಾಟಿದ. ನೆಪೋಲಿಯನ್ನನನ್ನು ಸೋಲಿಸಿದ ವೆಲಿಂಗ್ಟನ್ ಪ್ರಭು ಈತನೇ. ಈತನ ದಖ್ಖನದ ಪತ್ರಗಳಲ್ಲಿ ಎರಡು ಚಿಂತೆಗಳು ಮತ್ತೆ ಮತ್ತೆ ತಲೆಯೆತ್ತುತ್ತವೆ: ಸೈನ್ಯಕ್ಕೆ ಧಾನ್ಯ ತರುವ ಬಂಜಾರರು ಮತ್ತು ಹೊಳೆ ದಾಟಿಸುವ ಬುಟ್ಟಿದೋಣಿಗಳು. ಸೂರಗೊಂಡನಕೊಪ್ಪದಲ್ಲಿ ನನಗೆ ಹೊಳೆದ ಪ್ರಶ್ನೆ ಒಬ್ಬ ಸೇನಾಪತಿಗೂ ನಿದ್ದೆಗೆಡಿಸಿತ್ತೆಂದು ತಿಳಿದು ಸ್ವಲ್ಪ ಹೆಮ್ಮೆಯಾಯಿತು!

ಹೊನ್ನಾಳಿಯ ಕೆಳಗಿನ ಒಂದು ದಡದ ಹಳ್ಳಿಯಲ್ಲಿ ಹರಿಗೋಲಿನ ಒಡೆಯರಾದ ಹಿರಿಯರೊಬ್ಬರ ಪರಿಚಯವಾಯಿತು. ಎಪ್ಪತ್ತು ದಾಟಿದ ವಯಸ್ಸು. ತೋಳುಗಳು ಇನ್ನೂ ಹುರಿಗೊಂಡ ಹಗ್ಗದಂತಿವೆ. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನೆಂದು ಕೇಳಿ, "ಹಂಗಾರೆ ಚೌಡಯ್ಯನವರ ವಿಷಯ ನಿಮಗೇ ಚೆನ್ನಾಗಿ ಗೊತ್ತಿರ್ಬೇಕಲ್ಲ ಮೇಷ್ಟ್ರೇ" ಎಂದರು. ಇದೇ ಹೊಳೆಯ ಕೆಳದಂಡೆಯ ಚೌಡದಾನಪುರ ಹನ್ನೆರಡನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಊರು. ಪುರಂದರದಾಸರು ಒಂಬತ್ತು ತೂತಿನ ಹರಿಗೋಲಿಗೆ ದೇಹವನ್ನು ಹೋಲಿಸಿದ್ದನ್ನು ನಾನು ಹೇಳಿದೆ. ಅಜ್ಜ ನಕ್ಕು, "ಒಂಬತ್ತು ತೂತಿದ್ರೆ ಯಾವನು ಹತ್ತುತಾನೆ? ನಾವು ಒಂದಕ್ಕೇ ನಿದ್ದೆ ಮಾಡಲ್ಲ" ಎಂದರು.

ತಮ್ಮ ಹರಿಗೋಲನ್ನು ಅವರು ತಾವೇ ಹೆಣೆದದ್ದು. ಬಲಿತ ಬಿದಿರನ್ನು ಸೀಳಿ ದಬ್ಬೆ ಮಾಡಿ, ನೀರಿನಲ್ಲಿ ನೆನೆಸಿ, ಸಮತಟ್ಟಾದ ನೆಲದ ಮೇಲೆ ಅಡ್ಡಡ್ಡಲಾಗಿ ಹಾಸಿ ಹೆಣೆಯಬೇಕು. ತಳ ಸಾಕಷ್ಟು ಅಗಲವಾದಾಗ ನಡುವೆ ಗುಂಡುಕಲ್ಲುಗಳನ್ನು ಹೇರಿ, ಹೊರಚಾಚಿದ ತುದಿಗಳನ್ನು ಸುತ್ತಲಿಂದಲೂ ಮೇಲಕ್ಕೆ ಬಾಗಿಸಿ, ಅಂಚಿಗೆ ದಬ್ಬೆಯ ಕಟ್ಟನ್ನು ಬಳೆಯಂತೆ ಸುತ್ತಿ ಬಿಗಿಯಬೇಕು. ಇಬ್ಬರು ಕುಳಿತರೆ ಮೂರು ನಾಲ್ಕು ದಿನದ ಕೆಲಸವಂತೆ. ಮೊಳೆಯಿಲ್ಲ, ಬಡಗಿಯಿಲ್ಲ, ನಕ್ಷೆಯಿಲ್ಲ. ಅಳತೆಯೆಲ್ಲ ಮೊಳ ಗೇಣುಗಳಲ್ಲಿ. ಬಿದಿರನ್ನು ಬೆಳದಿಂಗಳ ದಿನಗಳಲ್ಲಿ ಕಡಿದರೆ ಕುಟ್ಟೆಹುಳು ಬೀಳುತ್ತದೆಂದೂ ಅಮಾವಾಸ್ಯೆಯ ಹತ್ತಿರ ಕಡಿಯಬೇಕೆಂದೂ ಅವರ ಮತ. ಇದು ನಮ್ಮ ನಾಡಿನ ಅನೇಕ ಕಡೆ ಕೇಳಿಬರುವ ಮಾತು, ನಾನು ವಾದಿಸಲಿಲ್ಲ.

ಕಟ್ಟುವುದು ಸುಲಭ, ಇಟ್ಟುಕೊಳ್ಳುವುದು ಕಷ್ಟ. ಅವರ ತಂದೆಯ ಕಾಲದಲ್ಲಿ ಎಮ್ಮೆಯ ತೊಗಲುಗಳನ್ನು ಒಂದಕ್ಕೊಂದು ಹೊಲಿದು ಹೊದಿಸುತ್ತಿದ್ದರು. "ತೊಗಲಿನ ಹರಿಗೋಲು ಕರೆಯೋ ಎಮ್ಮೆ ಇದ್ದಂಗೆ. ದಿನಾ ಅದರ ಮುಂದೆ ನಿಲ್ಬೇಕು" ಎಂದರು ಅಜ್ಜ. ಸಂಜೆ ಕೆಲಸ ಮುಗಿದೊಡನೆ ನೀರಿನಿಂದೆತ್ತಿ ಬೋರಲು ಹಾಕದಿದ್ದರೆ ತೊಗಲು ಕೊಳೆಯುತ್ತದೆ. ಬಿಸಿಲಿನಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಸೆಟೆದು ಬಿರಿಯುತ್ತದೆ. ಆಗಾಗ ಎಣ್ಣೆ ಸವರಬೇಕು. ನಾಯಿ ಇಲಿಗಳಿಂದ ಕಾಯಬೇಕು. ಮುಂದೆ ಗೊಬ್ಬರದ ಪ್ಲಾಸ್ಟಿಕ್ ಚೀಲಗಳು ಬಂದವು. ಅವುಗಳನ್ನು ಬಿಚ್ಚಿ ಹೊಲಿದು ಬುಟ್ಟಿಗೆ ಹೊದಿಸಿ, ಮೇಲೆ ಕಾಯಿಸಿದ ಡಾಂಬರನ್ನು ಬಳಿಯುವ ಪದ್ಧತಿ ನಿಂತಿತು. ಎಣ್ಣೆ ಹೋಗಿ ಡಾಂಬರು ಬಂದರೂ ಊಳಿಗವೇನೂ ತಪ್ಪಲಿಲ್ಲ. ಕಲ್ಲು ಉಜ್ಜಿ ಡಾಂಬರು ಸುಲಿಯುತ್ತದೆ. ವರ್ಷಕ್ಕೊಮ್ಮೆಯಾದರೂ ಹೊಸ ಲೇಪ ಬೇಕು.

ತೂತು ಹುಡುಕುವ ಉಪಾಯವನ್ನು ಅವರು ನನಗೆ ಮಾಡಿಯೇ ತೋರಿಸಿದರು. ನಡುಹಗಲಿನಲ್ಲಿ ಹರಿಗೋಲನ್ನು ಬಯಲಿನಲ್ಲಿ ಬೋರಲು ಹಾಕಿ ಅದರ ಕೆಳಗೆ ನುಸುಳಬೇಕು. ನಾನೂ ನುಸುಳಿದೆ. ಡಾಂಬರಿನ ವಾಸನೆ, ಕತ್ತಲು, ತಲೆಯ ಮೇಲೆ ಬಿದಿರಿನ ಆಕಾಶ. ಆ ಕತ್ತಲೆಯಲ್ಲಿ ಎರಡು ನಕ್ಷತ್ರಗಳು ಮಿನುಗುತ್ತಿದ್ದವು. "ಅವೇ ನೋಡ್ರಿ" ಎಂದು ಹೊರಗಿನಿಂದ ದನಿ ಬಂತು. ನಾನು ಒಳಗಿನಿಂದ ಬೆರಳಿಟ್ಟು ತಟ್ಟಿದೆ. ಅವರು ಹೊರಗಿನಿಂದ ಆ ಜಾಗಕ್ಕೆ ಸುಣ್ಣದ ಗುರುತು ಹಾಕಿದರು. ಪುರಂದರದಾಸರ ಸಾಲುಗಳನ್ನು ತರಗತಿಯಲ್ಲಿ ನಾನು ವಿವರಿಸಿದ್ದುಂಟು. ಛಿದ್ರವನ್ನು ಕಣ್ಣಾರೆ ಕಂಡದ್ದು ಅಂದೇ.

ಹರಿಗೋಲಿನ ಯಜಮಾನಿಕೆಗೆ ಕಾಗದಪತ್ರವಿಲ್ಲ. ಯಾರು ಹೊರಬಲ್ಲರೋ ಅದು ಅವರದು. ಇದು ಅಲಂಕಾರದ ಮಾತಲ್ಲ. ಪ್ರವಾಹಕ್ಕೆ ಎದುರಾಗಿ ಹರಿಗೋಲನ್ನು ನಡೆಸುವುದು ಅಸಾಧ್ಯಪ್ರಾಯ. ಹೊಳೆಯ ನಡುವೆ ಅದು ಎಷ್ಟಾದರೂ ಕೆಳಕ್ಕೆ ಸರಿಯುತ್ತದೆಯಾದ್ದರಿಂದ, ಮೊದಲೇ ಅದನ್ನು ತಲೆಯ ಮೇಲೆ ಬೋರಲು ಹೊತ್ತು ದಡದುದ್ದಕ್ಕೂ ಮೇಲಕ್ಕೆ ನಡೆದು, ಅಲ್ಲಿ ನೀರಿಗಿಳಿಸಿ, ಓರೆಯಾಗಿ ತೇಲುತ್ತ ಆಚೆಯ ದಡಕ್ಕೆ ಸೇರಬೇಕು. ಹಿಂದಿರುಗುವಾಗಲೂ ಇದೇ ಪಾಡು. ಮನುಷ್ಯ ದೋಣಿಯನ್ನು ಹೊರುವುದು ಅರ್ಧ, ದೋಣಿ ಮನುಷ್ಯನನ್ನು ಹೊರುವುದು ಅರ್ಧ.

ಕ್ರಿಸ್ತಪೂರ್ವ ಐದನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಇಂಥದೇ ದೋಣಿಗಳನ್ನು ಬ್ಯಾಬಿಲೋನಿನಲ್ಲಿ ವರ್ಣಿಸುತ್ತಾನೆ. ಆರ್ಮೇನಿಯದ ವರ್ತಕರು ಗುರಾಣಿಯಂತೆ ದುಂಡಾದ ತೊಗಲುದೋಣಿಗಳಲ್ಲಿ ಸರಕಿನೊಡನೆ ಒಂದು ಕತ್ತೆಯನ್ನೂ ಏರಿಸಿಕೊಂಡು ನದಿಯ ಕೆಳಕ್ಕೆ ತೇಲಿಬರುತ್ತಿದ್ದರಂತೆ. ಪಟ್ಟಣ ಸೇರಿ ಸರಕನ್ನು ಮಾರಿ, ದೋಣಿಯ ಕಡ್ಡಿಗಳ ಚೌಕಟ್ಟನ್ನೂ ಮಾರಿ, ತೊಗಲನ್ನು ಮಾತ್ರ ಕತ್ತೆಯ ಮೇಲೆ ಹೇರಿಕೊಂಡು ನಡೆದು ಊರಿಗೆ ಮರಳುತ್ತಿದ್ದರಂತೆ. ನದಿಗೆ ಎದುರಾಗಿ ಹೋಗಲಾಗದ ತೊಡಕಿಗೆ ಅವರು ಕಂಡುಕೊಂಡ ಪರಿಹಾರವೇ ಮಾರಾಟ. ಈ ಕಥೆಯನ್ನು ನಾನು ಅಜ್ಜನಿಗೆ ಹೇಳಿದಾಗ ಅವರು ಕತ್ತೆಯ ಬಗ್ಗೆ ಎರಡು ಪ್ರಶ್ನೆ ಕೇಳಿ, ಅದು ನೀರಿನಲ್ಲಿ ಸುಮ್ಮನೆ ನಿಂತಿತ್ತೆಂಬುದನ್ನು ಮಾತ್ರ ನಂಬಲಿಲ್ಲ.

ಹಿಂದೆ ಹೊಳೆ ದಾಟಿಸಿದ್ದಕ್ಕೆ ಊರಿನ ಮನೆಗಳು ಸುಗ್ಗಿಯಲ್ಲಿ ಕಾಳು ಅಳೆದು ಕೊಡುತ್ತಿದ್ದವು. ಮದುವೆಯ ದಿಬ್ಬಣ, ಬಾಣಂತಿ, ಸಂತೆಯ ಹೊರೆ, ಶಾಲೆಯ ಮೇಷ್ಟರು ಎಲ್ಲರೂ ಅವರ ಬುಟ್ಟಿಯಲ್ಲಿ ಕುಳಿತು ದಾಟಿದವರೇ. ಹರಿಹರದಲ್ಲಿ 1868ರಷ್ಟು ಹಿಂದೆಯೇ ಸೇತುವೆಯಾಗಿತ್ತು. ಒಂದೊಂದಾಗಿ ಮಿಕ್ಕ ಕಡೆಗಳಲ್ಲಿಯೂ ಆದವು. ಸೇತುವೆ ಬೇಡವಿತ್ತೆಂದು ಅಜ್ಜ ಹೇಳಲಿಲ್ಲ. ತುಂಬುಹೊಳೆಯಲ್ಲಿ ನಡುರಾತ್ರಿ ಹೆರಿಗೆಯ ನೋವು ತಿನ್ನುತ್ತಿದ್ದ ಹೆಂಗಸನ್ನು ದಾಟಿಸಿದವನಿಗೆ ಸೇತುವೆಯ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ. "ರಸ್ತೆಗೆ ಹಾಕಿದ್ದೂ ಡಾಂಬರೇ, ನನ್ನ ಬುಟ್ಟಿಗೆ ಬಳಿದಿದ್ದೂ ಡಾಂಬರೇ. ಅದು ಗೆದ್ದಿತು" ಎಂದಷ್ಟೆ ಅವರೆಂದರು. ಆಮೇಲೆ ಹರಿಗೋಲು ಮೀನು ಹಿಡಿಯುವುದಕ್ಕೆ ಉಳಿಯಿತು. ಈಗ ಭುಜ ಎದ್ದು ಬರುತ್ತಿಲ್ಲ. ಮಗ ಲಾರಿಯ ಕೆಲಸದಲ್ಲಿದ್ದಾನೆ. ಹೊರಲಾರದವನ ಹರಿಗೋಲು ದಡದಲ್ಲಿ ಗೆದ್ದಲಿನ ಪಾಲು. ಆದ್ದರಿಂದ ಮಾರುವುದೆಂದು ನಿಶ್ಚಯವಾಗಿತ್ತು.

ಕೊಳ್ಳಲು ಬಂದವನು ಚನ್ನಗಿರಿ ತಾಲ್ಲೂಕಿನವನು. ಸೂಳೆಕೆರೆಯಲ್ಲಿ, ಎಂದರೆ ಈಗಿನ ಶಾಂತಿಸಾಗರದಲ್ಲಿ, ಮೀನು ಹಿಡಿಯುವ ಎತ್ತರದ ತರುಣ. ಫೈಬರಿನ ಹರಿಗೋಲು ಹಗುರವಾದರೂ ಒಡೆದರೆ ತನ್ನ ಕೈಯಲ್ಲಿ ರಿಪೇರಿಯಾಗದು, ಬಿದಿರಾದರೆ ತಾನೇ ಕಟ್ಟಿಕೊಳ್ಳಬಲ್ಲೆ ಎಂಬುದು ಅವನ ಲೆಕ್ಕ. ಹೆಣ್ಣು ನೋಡುವ ಶಾಸ್ತ್ರಕ್ಕಿಂತ ಗಂಭೀರವಾಗಿ ಪರೀಕ್ಷೆ ನಡೆಯಿತು. ಅಂಚಿನ ಬಳೆಯ ಮೇಲೆ ಮಂಡಿಯೂರಿ ಒತ್ತಿದ. ಡಾಂಬರನ್ನು ಉಗುರಿನಿಂದ ಕೆರೆದ. ಬೋರಲು ಹಾಕಿಸಿ ಕೆಳಗೆ ನುಸುಳಿದ. ಒಂದು ದಬ್ಬೆಗೆ ಕುಟ್ಟೆ ಹಿಡಿದಿದೆಯೆಂದು ಹೊರಬಂದು ಸಾರಿದ.

"ಒಂದಲ್ಲ, ಎರಡು" ಎಂದರು ಅಜ್ಜ. "ಇನ್ನೊಂದು ತಳದಾಗೆ ಐತೆ, ನಿನಗೆ ಕಂಡಿಲ್ಲ." ಎದ್ದು ಹೋಗಿ ಬೆರಳಿಟ್ಟು ತೋರಿಸಿದರು.

ಬಾಗಿಲಲ್ಲಿ ನಿಂತಿದ್ದ ಸೊಸೆ, "ಮಾವ, ನೀವು ಮಾರಾಕೆ ಕುಂತೀರೋ ಕೆಡಿಸಾಕೆ ಕುಂತೀರೋ?" ಎಂದಳು. ಎಲ್ಲರೂ ನಕ್ಕರು, ಆದರೂ ಬೆಲೆ ಇಳಿದದ್ದು ನಿಜ. ಅಜ್ಜ ಒಪ್ಪಿದರು. ತಾವು ಕಟ್ಟಿದ್ದರ ದೋಷವನ್ನು ಮತ್ತೊಬ್ಬ ಹೊಳೆಯ ನಡುವೆ ಕಂಡುಹಿಡಿಯುವಂತಾಗಬಾರದೆಂಬ ಹಟ ಆ ಮುಖದಲ್ಲಿತ್ತು. ನಮ್ಮ ಪಟ್ಟಣಗಳ ಹಳೆಯ ಮೋಟಾರು ಮಾರುವ ಮಹನೀಯರು ಒಮ್ಮೆ ಆ ದಡಕ್ಕೆ ಹೋಗಿಬಂದರೆ ಒಳ್ಳೆಯದು.

ಉಳಿದದ್ದು ಹುಟ್ಟು. ಕನ್ನಡದಲ್ಲಿ ಜನ್ಮಕ್ಕೂ ಅದೇ ಮಾತು, ದೋಣಿ ನಡೆಸುವ ಅಗಲ ತುದಿಯ ಕೋಲಿಗೂ ಅದೇ ಮಾತು. ತರುಣ ಅದು ಬೆಲೆಯಲ್ಲಿ ಸೇರಿದೆಯೆಂದ, ಅಜ್ಜ ಸೇರಿಲ್ಲವೆಂದರು. ಬುಟ್ಟಿಯನ್ನು ನಾಲ್ಕು ದಿನದಲ್ಲಿ ಮತ್ತೆ ಹೆಣೆಯಬಹುದು. ಕೈಗೆ ಒಗ್ಗಿ ಹಿಡಿ ಸವೆದ ಹುಟ್ಟು ಹಾಗೆ ಸಿಗುವುದಿಲ್ಲ. ಮಾತು ಬೆಳೆಯಿತು. ಕೊನೆಗೆ ಅಜ್ಜ, "ಒಂದು ಸಲ ಹೋಗಿ ಬಾ, ನೋಡಾನ" ಎಂದು ಹುಟ್ಟನ್ನು ಅವನ ಕೈಗೆ ಕೊಟ್ಟರು.

ಹರಿಗೋಲು ನೀರಿಗಿಳಿದು ಒಂದು ಸುತ್ತು ತಿರುಗಿತು. ಅದು ನಿಂತ ನೀರಿನ ಕೆರೆಯಲ್ಲಿ ಪಳಗಿದ ಕೈ. ಹರಿಯುವ ನೀರಿನ ಎಳೆತ ಅದಕ್ಕೆ ಹೊಸದು. ಎರಡನೆಯ ಸುತ್ತು ಪೂರ್ತಿಯಾಗುವ ಮುನ್ನ ಅವನು ಅಂಚಿಗೆ ಒರಗಿ, ನೀರನ್ನು ತನ್ನೆಡೆಗೆ ಎಡಬಲವಾಗಿ ಸೆಳೆದುಕೊಳ್ಳತೊಡಗಿದ. ಬುಟ್ಟಿ ಸೆಟೆದು ನಿಂತು ನೆಟ್ಟಗೆ ಸಾಗಿತು. ಅಜ್ಜ ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ನೋಡುತ್ತಿದ್ದರು. ಅವನು ದಡಕ್ಕೆ ಬಂದಾಗ ಹುಟ್ಟನ್ನು ಹಿಂದಕ್ಕೆ ತೆಗೆದುಕೊಂಡು, "ಇದು ನಿನಗೆ ಗಿಡ್ಡ ಆಗ್ತತಪ್ಪ. ನೀನು ಉದ್ದ ಇದೀಯ, ಬೆನ್ನು ಹೋಗ್ತತಿ. ನಿನ್ನ ಎದೆಮಟ್ಟ ಬರಂಗೆ ಒಂದು ಮಾಡಿಸ್ಕ" ಎಂದರು. ಅದಕ್ಕೆ ಪ್ರತಿಮಾತಿರಲಿಲ್ಲ. ಹುಟ್ಟು ಜಗಲಿಯ ಮೂಲೆಗೆ ಹೋಯಿತು.

ಹಣ ಎಣಿಸಿದ್ದು ಸೊಸೆ. ಲಗೇಜ್ ಆಟೋದ ಮೇಲೆ ಹರಿಗೋಲನ್ನು ಬೋರಲು ಹಾಕಿ ಹಗ್ಗ ಬಿಗಿದರು. ಚಕ್ರಗಳ ಮೇಲೊಂದು ಕರಿಯ ಗುಮ್ಮಟ ಕಟ್ಟಿದಂತಾಯಿತು. ಅಜ್ಜ ಹಗ್ಗದ ಗಂಟನ್ನು ಬಿಚ್ಚಿಸಿ ಅಂಚಿಗೆ ಭಾರ ಬೀಳದಂತೆ ಮತ್ತೆ ಕಟ್ಟಿಸಿದರು. ಮುಂಗಾರು ಹಿಡಿಯುವುದರೊಳಗೆ ಎರಡು ದಬ್ಬೆಯನ್ನೂ ಬದಲಿಸಬೇಕು, ಡಾಂಬರನ್ನು ಹಬೆಯಾಡುವಷ್ಟು ಕಾಯಿಸದೆ ಬಳಿಯಬಾರದು, ಕೆರೆಯ ದಡದಲ್ಲಿ ರಾತ್ರಿ ನೀರಿನಲ್ಲೇ ಬಿಡಬಾರದು ಎಂದು ಹೇಳುತ್ತಲೇ ಇದ್ದರು. ಆಟೋ ಹೊರಟ ಮೇಲೂ ನಾಲ್ಕು ಹೆಜ್ಜೆ ಹಿಂದೆ ನಡೆದು, "ಬಿಸಿಲಾಗೆ ಬಾಳ ಹೊತ್ತು ಬಿಡಬೇಡ" ಎಂದು ಕೂಗಿದರು. ಸೇತುವೆಯ ಕಡೆಗೆ ತಿರುಗಿದ ಆಟೋ ಹಾರನ್ ಮಾಡಿತು.