ಕೈಯಿಂದ ಮಾಡಿದ್ದು

ಡಿಸೆಂಬರ್ ಹತ್ತಿರ ಬಂತೆಂದರೆ ನಿಡೋಣಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನಾವು ಕ್ರೈಸ್ತರಲ್ಲ. ಆದರೂ ಕ್ರಿಸ್‌ಮಸ್ ನಮ್ಮ ಹೊಟ್ಟೆಗೆ ಸಂಬಂಧಪಟ್ಟ ಹಬ್ಬ. ದೂರದ ಪಟ್ಟಣದ ವ್ಯಾಪಾರಿಯೊಬ್ಬ ಉಡುಗೊರೆಗೆಂದು 60 ಜೋಡು ಕೊಲ್ಹಾಪುರಿ ಚಪ್ಪಲಿ ಹೇಳುತ್ತಾನೆ. 20ನೇ ತಾರೀಖಿನೊಳಗೆ ಮುಟ್ಟಬೇಕು.

ಜಾಲಿ ತೊಗಟೆಯಲ್ಲಿ ಹದ ಮಾಡಿದ ಎಮ್ಮೆಯ ತೊಗಲನ್ನು ಅಪ್ಪ ನೀರಲ್ಲಿ ನೆನೆಸುತ್ತಾನೆ, ಕೊಡತಿಯಿಂದ ಬಡಿಯುತ್ತಾನೆ, ರಂಪಿಗೆಯಿಂದ ಅಟ್ಟೆ ಕೊಯ್ಯುತ್ತಾನೆ. ಅವ್ವ ಆಡಿನ ತೊಗಲನ್ನು ಎಳೆ ಎಳೆ ಸೀಳಿ ಜಡೆ ಹೆಣೆದ ಹಾಗೆ ಹೆಣೆಯುತ್ತಾಳೆ. ಮೊಳೆ ಇಲ್ಲ. ಹೊಲಿಗೆಯೂ ತೊಗಲಿನ ಎಳೆಯದೇ. ಬಿ.ಎ. ಪಾಸಾದ ನಾನು ರಾತ್ರಿ ಕೂತು ಜೋಡಿ ಹೊಂದಿಸಿ ಡಬ್ಬಿಗೆ ತುಂಬುತ್ತೇನೆ.

ಡಬ್ಬಿಯೊಳಗೆ ಹಾಕಲು ವ್ಯಾಪಾರಿಯೇ ಬಣ್ಣದ ಚೀಟಿ ಕಳಿಸುತ್ತಾನೆ. ಅದರ ಮೇಲೆ ‘ಕೈಯಿಂದ ಮಾಡಿದ್ದು’ ಎಂದು ಅಚ್ಚಾಗಿರುತ್ತದೆ. ಆ ಮಾತಿಗೇ ಬೆಲೆ. ಕೊಟ್ಟವರ ಹೆಸರು, ತೊಗೊಳ್ಳುವವರ ಹೆಸರು ಬರೆಯಲು ಜಾಗ ಇದೆ. ಮಾಡಿದವರದಕ್ಕೆ ಇಲ್ಲ.

ಹೋದ ಸಲ ನಾನೆಂದೆ, “ಯವ್ವಾ, ಚೀಟಿ ಹಿಂದ ನಿನ್ನ ಹೆಸರ ಬರೀತೀನಿ.”

ಅವ್ವ ಹೆಣಿಗೆಯಿಂದ ತಲೆ ಎತ್ತಲಿಲ್ಲ. “ಬ್ಯಾಡೋ ತಮ್ಮಾ. ಹೆಸರ ಬರದರ ಅಡ್ಡಹೆಸರ ಕೇಳತಾರ. ಅಡ್ಡಹೆಸರ ತಿಳದರ ಮುಂದಿನ ವರ್ಷ ಯಾರ ಹೇಳತಾರ?”

ಸ್ವಲ್ಪ ಹೊತ್ತು ಬಿಟ್ಟು ತಾನೇ ಅಂದಳು, “ಬೇಕಾದರ ಊರ ಹೆಸರ ಬರಿ.”

ನಾನು ಬರೆಯಲಿಲ್ಲ. ಚಪ್ಪಲಿ ಮಾಡಿದ್ದು ಊರಲ್ಲ, ಅವ್ವ.

ಊರಿಗೆ, ಜಿಲ್ಲೆಗೆ ಹೆಸರು ಸುಲಭವಾಗಿ ಬರುತ್ತದೆ. 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಿತು. ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಸೇರಿದವು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನಲ್ಲಿ ಇಂಥವೇ ಚಪ್ಪಲಿಗಳನ್ನು ಪ್ರದರ್ಶನಕ್ಕಿಟ್ಟಿತು, ಎಲ್ಲಿಯವೆಂದು ಹೇಳಲಿಲ್ಲ. ಗದ್ದಲವಾದ ಮೇಲೆ ಒಪ್ಪಿಕೊಂಡಿತು. ಅದೇ ಡಿಸೆಂಬರಿನಲ್ಲಿ ಎರಡೂ ರಾಜ್ಯಗಳ ಚರ್ಮೋದ್ಯಮ ನಿಗಮಗಳೊಂದಿಗೆ 2,000 ಜೋಡು ಮಾಡಿಸುವ ಒಪ್ಪಂದವಾಯಿತು. ಕೆಲಸ ಬಂದರೆ ಒಳ್ಳೆಯದೇ, ಹೊಟ್ಟೆ ತುಂಬಲಿ. ಆದರೆ ಅವ್ವನ ಅಂಜಿಕೆಗೆ ಯಾವ ಒಪ್ಪಂದದಲ್ಲೂ ಮದ್ದಿಲ್ಲ.

ಆ ಅಂಜಿಕೆ ಹಳೆಯದು. ಚಪ್ಪಲಿ ಮಾಡಿದವನೇ ಮೇಲಿನವರ ಓಣಿಯಲ್ಲಿ ಅದನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಡೆದ ನಾಡಿದು. ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಪಾದರಕ್ಷೆ ಮಾಡಿ ಕೊಟ್ಟರೆಂದು ಶರಣರ ಕಥೆ ಹೇಳುತ್ತದೆ. ಬಸವಣ್ಣ ಅದನ್ನು ಮೆಟ್ಟಲಿಲ್ಲ, ತಲೆಯ ಮೇಲೆ ಹೊತ್ತ. ಆ ಉಡುಗೊರೆಗೆ ಮಾಡಿದವರ ಹೆಸರಿತ್ತು. ಹೆಸರಿದ್ದದ್ದಕ್ಕೇ ಇವತ್ತಿಗೂ ನೆನಪಿದೆ. ಬಸವಣ್ಣ ಹುಟ್ಟಿದ ಬಾಗೇವಾಡಿ ನಮ್ಮದೇ ಜಿಲ್ಲೆಯಲ್ಲಿದೆ, ಅವ್ವನ ಅಂಜಿಕೆಯೂ ಇದೇ ಜಿಲ್ಲೆಯಲ್ಲಿದೆ.

ನಮ್ಮ ಚಪ್ಪಲಿಗಳು ಯಾವುದೋ ಮನೆಯಲ್ಲಿ ಡಬ್ಬಿಯಿಂದ ಹೊರಬರುವ ಡಿಸೆಂಬರ್ 25, ನಮ್ಮ ಕೇರಿಗೆ ಇನ್ನೊಂದು ಕಾರಣಕ್ಕೂ ದೊಡ್ಡ ದಿನ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ ಕೆರೆಯ ನೀರನ್ನು ಕೈಯಿಂದ ಮುಟ್ಟಿ ಕುಡಿದರು. ಕೆರೆ ಮೈಲಿಗೆಯಾಯಿತೆಂದು ಮೇಲ್ಜಾತಿಯವರು ಶುದ್ಧಿ ಮಾಡಿದರು. ಅದೇ ವರ್ಷದ ಡಿಸೆಂಬರ್ 25ರಂದು ಅದೇ ಮಹಾಡದಲ್ಲಿ ಮನುಸ್ಮೃತಿಗೆ ಬೆಂಕಿ ಬಿತ್ತು.

ಅವ್ವನ ಬೆರಳುಗಳು ತೊಗಲಿನ ನೀರಲ್ಲಿ ನೆನೆದು ನೆನೆದು ಸೀಳಿವೆ. ಈ ಬೆರಳು ಮುಟ್ಟಿದ ಚಪ್ಪಲಿ ಹಬ್ಬದ ಉಡುಗೊರೆಯಾಗುತ್ತದೆ, ಮುಟ್ಟಿದ ನೀರು ಮಾತ್ರ ಎಷ್ಟೋ ಮನೆಗಳಲ್ಲಿ ಇಂದಿಗೂ ಮೈಲಿಗೆ. ಹಾಗಾದರೆ ಗೆಳೆಯರೆ, ‘ಕೈಯಿಂದ ಮಾಡಿದ್ದು’ ಎಂಬ ಮಾತಿಗೆ ಹೆಚ್ಚು ದುಡ್ಡು ಕೊಡುವ ನಿಮಗೆ ನನ್ನದು ಒಂದೇ ಕೇಳಿಕೆ. ಯಾರ ಕೈ ಎಂದು ಕೇಳಿ. ಅಡ್ಡಹೆಸರು ತಿಳಿದ ಮೇಲೂ ಮುಂದಿನ ವರ್ಷ ಹೇಳಿ. ಅಷ್ಟಾದರೆ ಚೀಟಿಯ ಹಿಂದೆ ಹೆಸರು ಬರೆಯಲು ಅವ್ವ ಬೇಡ ಅನ್ನಲಾರಳು.