ತುಕ್ಕು ಕಲಿಸಿದ ಪಾಠ

ಸಂಚಿಕೆಯ ಸಂಪಾದಕ ಮಿತ್ರರು ನನ್ನಿಂದ ಛಂದಸ್ಸನ್ನೋ ಅಲಂಕಾರವನ್ನೋ ಕುರಿತ ಲೇಖನವನ್ನು ನಿರೀಕ್ಷಿಸಿದ್ದರು. ಆದರೆ ಈಚೆಗೆ ನನಗೆ ಪಾಠ ಹೇಳಿದುದು ಒಂದು ಹಳೆಯ ಮೋಟಾರು ಸೈಕಲ್ಲು. ಆ ಪಾಠವನ್ನೇ ವಿದ್ಯಾರ್ಥಿಗಳ ಮುಂದಿಡುತ್ತಿದ್ದೇನೆ.

ನಮ್ಮ ತಂದೆಯವರಲ್ಲಿ ಯೆಜ್ದಿ ವಾಹನವೊಂದಿದ್ದಿತು. ೧೯೬೧ರಲ್ಲಿ ಉತ್ಪಾದನೆಯನ್ನಾರಂಭಿಸಿ ೧೯೯೬ರಲ್ಲಿ ಮುಚ್ಚಿಹೋದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದುದು. ಒದ್ದು ಚಾಲೂ ಮಾಡುವ ಕಿಕ್ಕರೇ ಗೇರು ಬದಲಿಸುವ ಸಾಧನವೂ ಆಗಿರುವುದು ಅದರ ವೈಶಿಷ್ಟ್ಯ. ತಂದೆಯವರು ತೀರಿಕೊಂಡ ಮೇಲೆ ಅದನ್ನು ಶಿವಮೊಗ್ಗದ ನಮ್ಮ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ನಿಲ್ಲಿಸಿದೆನು. ಯಾರೋ ಕೇಳಿದರೆಂದು ಅದರ ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿಕೊಟ್ಟು, ರಂಧ್ರಕ್ಕೆ ಒಂದು ಚಿಂದಿಬಟ್ಟೆಯನ್ನೂ ತುರುಕದೆ ಮರೆತೆನು. ಹೆಂಚಿನ ಸಂದಿನಿಂದ ಮಲೆನಾಡಿನ ಮಳೆ ಎಷ್ಟೋ ವರ್ಷ ಅದರೊಳಕ್ಕೆ ಸೋರಿತು. ತಮ್ಮನ ಮಗ ಕಾಲೇಜಿಗೆ ಓಡಾಡಲು ಆ ಗಾಡಿಯನ್ನು ಬಯಸಿದಾಗ ಕಿಕ್ಕರು ಕದಲಲಿಲ್ಲ. ತಪ್ಪು ಸಂಪೂರ್ಣವಾಗಿ ನನ್ನದು.

ಊರಿನ ಕೆಲಸಗಾರರೊಬ್ಬರು ಗುಜರಿಗೆ ಹಾಕಿರೆಂದರು. ಮನಸ್ಸೊಪ್ಪಲಿಲ್ಲ. ಕೊನೆಗೆ ಭದ್ರಾವತಿಯಲ್ಲಿದ್ದ, ಉಕ್ಕಿನ ಕಾರ್ಖಾನೆಯಲ್ಲಿ ಲೇತ್ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರ ಬಳಿಗೆ ಇಂಜಿನನ್ನು ಕೊಂಡೊಯ್ದೆವು. ಭದ್ರಾವತಿಯ ಕುಲುಮೆ ಹೊತ್ತಿದುದು ೧೯೨೩ರಲ್ಲಿ. ಮಲೆನಾಡಿನ ಮರದ ಇದ್ದಲು, ಕೆಮ್ಮಣ್ಣುಗುಂಡಿಯ ಅದಿರು. ಹಿರಿಯರು ಇಂಜಿನಿನೊಳಗೆ ಬೆರಳಾಡಿಸಿ ಕೆಂಪು ಪುಡಿಯನ್ನು ತೋರಿಸಿದರು: "ಅದಿರು ಅಂದ್ರೂ ಇದೇ, ಮೇಷ್ಟ್ರೇ. ಕಬ್ಬಿಣಕ್ಕೆ ಅಂಟಿಕೊಂಡಿದ್ದ ಆಮ್ಲಜನಕವನ್ನ ನಾವು ಕುಲುಮೆಯಲ್ಲಿ ಬಿಡಿಸಿದ್ವಿ. ಮಳೆ ಮತ್ತೆ ಕೂಡಿಸಿದೆ." ಅಮರಕೋಶವು ಮಂಡೂರವನ್ನು ಕಬ್ಬಿಣದ ಮಲವೆಂದು ಹೇಳುವುದನ್ನು ಬಾಲ್ಯದಲ್ಲಿಯೇ ಕಂಠಸ್ಥ ಮಾಡಿದ್ದೆನು. ಅದರ ಅರ್ಥ ಮನಸ್ಸಿಗಿಳಿದುದು ಆ ದಿನ.

ಅವರು ಸುತ್ತಿಗೆಯನ್ನು ಮುಟ್ಟಲಿಲ್ಲ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಸ್ಥಳವನ್ನಾಕ್ರಮಿಸುವುದರಿಂದ ಸಂದುಗಳು ಬಿಗಿದುಕೊಳ್ಳುತ್ತವೆ. ಹೊಡೆದರೆ ಒಳ್ಳೆಯ ಭಾಗವೂ ಒಡೆಯುತ್ತದೆ. ಡೀಸೆಲ್ಲಿಗೆ ತೆಳುವಾದ ಎಣ್ಣೆ ಬೆರೆಸಿ ಪ್ಲಗ್ಗಿನ ರಂಧ್ರದಿಂದ ಹೊಯ್ದು, ಹತ್ತು ದಿನ ಬಿಟ್ಟು ಬರಹೇಳಿದರು. ಮರಳಿ ಹೋದಾಗ ಸಿಲಿಂಡರು ಮೆಲ್ಲನೆ ಕೈಗೆ ಬಂದಿತು.

ಬಳಿಕ ಒಂದೊಂದು ಭಾಗವನ್ನೂ ತೊಳೆದು ಹಳೆಯ ಪತ್ರಿಕೆಯ ಮೇಲೆ ಸಾಲಾಗಿಟ್ಟು ಪರೀಕ್ಷೆ ನಡೆಯಿತು. ಅವರ ಮೊದಲನೆಯ ಉಪಕರಣ ಹೆಬ್ಬೆರಳಿನ ಉಗುರು. ಕಲೆಯ ಮೇಲೆ ಉಗುರು ಜಾರಿಹೋದರೆ ಅದು ಬರಿಯ ಮೇಲ್ತುಕ್ಕು. ತಡೆದರೆ ಲೋಹದಲ್ಲಿ ಗುಳಿ ಬಿದ್ದಿದೆ. ಎರಡನೆಯ ಪ್ರಶ್ನೆ, ಗುಳಿ ಎಲ್ಲಿದೆ ಎಂಬುದು. ಕ್ರ್ಯಾಂಕಿನ ದಪ್ಪ ಫಲಕಗಳ ಪಕ್ಕದಲ್ಲಿ ತುಕ್ಕು ಹರಡಿತ್ತು; ಅಲ್ಲಿ ಯಾವ ಭಾಗವೂ ಉಜ್ಜುವುದಿಲ್ಲವಾದುದರಿಂದ ತಂತಿಯ ಬ್ರಷ್ಷಿನಿಂದ ತಿಕ್ಕಿದರೆ ಸಾಕಾಯಿತು. ಸಿಲಿಂಡರಿನ ಒಳಗೋಡೆಯಲ್ಲಿ ರಿಂಗು ಓಡಾಡುವ ಸ್ಥಳದಲ್ಲಿಯೇ ಗುಳಿಗಳಿದ್ದವು. ಅಳತೆ ಮಾಡಿ, ಅರ್ಧ ಮಿಲಿಮೀಟರು ಹಿರಿದಾಗಿ ಬೋರ್ ಮಾಡಿಸಿ ಅದಕ್ಕೊಪ್ಪುವ ಪಿಸ್ಟನ್ ಹಾಕಬಹುದೆಂದು ನಿರ್ಣಯಿಸಿದರು. ಪಿಸ್ಟನ್ನಿನ ಗಾಡಿಯಲ್ಲಿ ಕಚ್ಚಿಕೊಂಡಿದ್ದ ರಿಂಗುಗಳನ್ನೂ ಬೇರಿಂಗುಗಳನ್ನೂ ವಿಚಾರಿಸದೆ ಬದಿಗಿಟ್ಟರು. ಇಂಜಿನಿಯರಿಂಗ್ ಓದುವ ನಮ್ಮ ಹುಡುಗ ಆಗ ಹೇಳಿದನು: ಪಿಸ್ಟನ್ನಿನ ಬದಲು ಮೂರು ಮೂಲೆಯ ರೋಟರು ಸುತ್ತುವ ವಾಂಕೆಲ್ ಇಂಜಿನಿನಲ್ಲಿಯೂ ಇದೇ ಕಥೆಯಂತೆ, ತೇವ ಹೊಕ್ಕರೆ ಮೂಲೆಯ ಸೀಲುಗಳು ತಮ್ಮ ಗಾಡಿಯಲ್ಲಿಯೇ ಅಂಟಿಕೊಳ್ಳುತ್ತವೆ. ಸೀಲು ಓಡುವ ಮೈಯಲ್ಲಿ ಗುಳಿ ಬಿದ್ದರೆ ಹಾನಿ, ಓಡದೆಡೆ ಬಿದ್ದರೆ ಸಹ್ಯ.

ಉಳಿಸಬಹುದಾದ ಕಬ್ಬಿಣದ ಸಣ್ಣ ಭಾಗಗಳನ್ನು ವಾಷಿಂಗ್ ಸೋಡದ ನೀರಿನಲ್ಲಿಳಿಬಿಟ್ಟು, ಬ್ಯಾಟರಿಯ ಋಣತಂತಿಯನ್ನು ಭಾಗಕ್ಕೂ ಧನತಂತಿಯನ್ನು ಹಳೆಯ ಕಬ್ಬಿಣದ ತಗಡಿಗೂ ಕಟ್ಟಿದರು. ತುಕ್ಕು ಸಡಿಲಿತು, ಲೋಹ ಸವೆಯಲಿಲ್ಲ. ಹೊರಡುವ ಜಲಜನಕಕ್ಕೆ ಕಿಡಿ ತಾಗಬಾರದೆಂದು ಅದನ್ನು ಬಯಲಿನಲ್ಲಿಟ್ಟಿದ್ದರು. ಅಲ್ಯೂಮಿನಿಯಮ್ಮಿನ ಭಾಗಗಳು ಆ ನೀರಿನಲ್ಲಿ ಕರಗುತ್ತವೆಂದು ದೂರವಿರಿಸಿದರು.

ಕೊನೆಗುಳಿದುದು ಕ್ರ್ಯಾಂಕಿನ ಪಿನ್ನು. ಪ್ರೆಸ್ಸಿನಿಂದ ಬಿಡಿಸಿ ನೋಡಿದರೆ ರೋಲರುಗಳು ಉರುಳುವ ಮೈಯಲ್ಲಿ ಸಾಸಿವೆಯ ತಲೆಯಷ್ಟು ಎರಡು ಚುಕ್ಕೆ. ತಂದೆಯವರ ಕಾಲದ ಪಿನ್ನು. ಮರಳುಕಾಗದದಿಂದ ಉಜ್ಜಿ ಹಾಕಿಬಿಡೋಣವೆಂದು ಅಂಗಲಾಚಿದೆನು. ಅವರು ತಲೆಯಾಡಿಸಿದರು: "ಇದರ ಗಟ್ಟಿತನ ಇರೋದು ಮೇಲಿನ ಚರ್ಮದಲ್ಲಿ ಮಾತ್ರ. ಗುಳಿ ಹೋಗೋವರೆಗೆ ಉಜ್ಜಿದ್ರೆ ಆ ಚರ್ಮವೂ ಹೋಗುತ್ತೆ; ಹಾಗೇ ಬಿಟ್ರೆ ರೋಲರು ಬಡಿದೂ ಬಡಿದೂ ಮೈ ಕಿತ್ತು ಬರುತ್ತೆ. ಹುಡುಗ ವೇಗದಲ್ಲಿದ್ದಾಗ ಇಂಜಿನ್ ಕಚ್ಚಿಕೊಂಡ್ರೆ ಹಿಂದಿನ ಚಕ್ರ ನಿಂತುಬಿಡುತ್ತೆ. ನೆನಪಿಗೆ ಬೇಕಾದ್ರೆ ಪೆಟ್ಟಿಗೇಲಿ ಇಡಿ, ಇಂಜಿನಲ್ಲಿ ಬೇಡ."

ನಾನು ನಿರುತ್ತರನಾದೆನು. ತಾಳೆಯೋಲೆಗಳನ್ನು ಪರಿಶೋಧಿಸುವಾಗ ನಾನೂ ಶಿಷ್ಯರಿಗೆ ಇದನ್ನೇ ಹೇಳಿದವನಲ್ಲವೆ? ಮಾಸಿದ ಅಕ್ಷರವನ್ನು ಎಣ್ಣೆ ಮಸಿಗಳಿಂದ ಕಾಣಿಸಬಹುದು. ಹುಳು ತಿಂದೆಡೆಯಲ್ಲಿ ನಮ್ಮ ಊಹೆಯನ್ನು ತುಂಬಿ ಕವಿಯ ಪಾಠವೆಂದು ಸಾರಬಾರದು. ಗ್ರಂಥದಲ್ಲಿ ತ್ರುಟಿಯನ್ನು ಚುಕ್ಕೆಯಿಟ್ಟು ತೋರಿಸುತ್ತೇವೆ, ಯಂತ್ರದಲ್ಲಿ ಹೊಸ ಭಾಗವನ್ನಿಡುತ್ತೇವೆ. ಇಲ್ಲದ ಗಟ್ಟಿತನವನ್ನು ಇದೆಯೆಂದು ಹೊಳಪು ಕೊಟ್ಟು ತೋರಿಸುವುದು ಎರಡೆಡೆಯಲ್ಲಿಯೂ ವಂಚನೆ. ಗ್ರಂಥದಲ್ಲಿ ಅದರಿಂದ ಓದುಗನು ದಾರಿ ತಪ್ಪುತ್ತಾನೆ. ಇಲ್ಲಿ ಮನೆಯ ಮಗುವಿಗೇ ಅಪಾಯ.

ಪಿನ್ನು, ಕನೆಕ್ಟಿಂಗ್ ರಾಡು, ರೋಲರುಗಳು ಹೊಸವಾಗಿ ಬಂದವು. ಉಳಿದುದೆಲ್ಲ ಹಳೆಯದೇ. ಒಂದು ಮುಂಜಾನೆ ಮೂರನೆಯ ಒದೆತಕ್ಕೆ ಗಾಡಿ ಆ ಹಳೆಯ ದನಿಯಲ್ಲಿಯೇ ಗುಡುಗಿತು. ಒಳಗಿದ್ದ ನಮ್ಮ ತಾಯಿಯವರು ಸೆರಗಿನಲ್ಲಿ ಕೈಯೊರಸಿಕೊಳ್ಳುತ್ತ ಬಾಗಿಲಿಗೆ ಬಂದು, ಏನನ್ನೂ ಹೇಳದೆ ಅದು ನಿಲ್ಲುವವರೆಗೂ ನಿಂತಿದ್ದರು.

ಹಳೆಯ ಪಿನ್ನು ಈಗ ನನ್ನ ಮೇಜಿನ ಮೇಲೆ, ಓಲೆಯ ಕಟ್ಟುಗಳ ಪಕ್ಕದಲ್ಲಿದೆ. ಅದಕ್ಕೆ ಎಣ್ಣೆ ಸವರುವುದನ್ನು ಮರೆಯುವುದಿಲ್ಲ.